ಮೀಖಾತ್ ದಾಟಿದ ಮೇಲೆ

ಬಾಷುಮಿಯಾ ಸುರಪುರದ ಬಸ್ಸಿನಿಂದ ಶಹಾಪುರದಲ್ಲಿ ಇಳಿದವನು ಚಹಾ ಸಹ ಕುಡಿಯದೆ ನೆಟ್ಟಗೆ ಶಾದಿಮಹಲಿಗೆ ನಡೆದ. ಅವನನ್ನು ಮಕ್ಕಾದ ಉಮ್ರಾ ಯಾತ್ರೆಗೆ ಕಳಿಸಿದ್ದ ಏಜೆಂಟ ಜಲಾಲುದ್ದೀನ ಅಲ್ಲಿ ಮುಂದಿನ ತಂಡದವರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದ.

ಬಾಷುಮಿಯಾ ಮಕ್ಕಾದಿಂದ ಬಂದು ಇನ್ನೂ ವಾರ ತುಂಬಿರಲಿಲ್ಲ. ಹೋಗಿದ್ದು ತನಗಾಗಿ ಅಲ್ಲ, ತೀರಿಹೋದ ಹೆಂಡತಿ ಮಸ್ತಾನಬಿಯ ಹೆಸರಿನಲ್ಲಿ ಉಮ್ರಾ ಮಾಡಲು. ಬದುಕಿದ್ದಷ್ಟು ಕಾಲವೂ ಆಕೆ ಅಲ್ಲಾಹನಲ್ಲಿ ಬೇಡಿದ್ದು ಅದೊಂದನ್ನೇ. ನಿನ್ನೆ ಸುರಪುರದ ಮಸೀದಿಯಲ್ಲಿ ಇಮಾಮ ಯಾಕೂಬಸಾಬ ಪ್ರಯಾಣದ ಸುದ್ದಿಯೆಲ್ಲ ಕೇಳುತ್ತಾ ಕೇಳುತ್ತಾ ಮುಖ ಸಣ್ಣದು ಮಾಡಿಕೊಂಡಿದ್ದ. "ಉಮ್ರಾ ಆಗ್ಯಾದ ಭಾಯಿ. ಆದ್ರ ಇಹ್ರಾಮಿನ ಬಿಳಿ ಬಟ್ಟಿ ಇಲ್ಲದ ಮೀಖಾತ್ ಗಡಿ ದಾಟೀರಿ. ಅದಕ್ಕ ಮಕ್ಕಾದಾಗ ಒಂದು ಕುರಿ ಕೊಯ್ಸಬೇಕು. ಅದು ಬಾಕಿ ಅದ."

ಬಾಕಿ! ಮಸ್ತಾನಬಿಯ ಉಮ್ರಾದಲ್ಲಿ ಬಾಕಿ! ಬೆಳಗಾಗುತ್ತಲೇ ಮುದುಕ ಬಸ್ಸು ಹತ್ತಿದ್ದ.

ಜಲಾಲುದ್ದೀನ ಮೊಬೈಲು ಎತ್ತಿ ಹಿಡಿದು ಹೇಳುತ್ತಿದ್ದ: "ಹೈದರಾಬಾದ್ ಏರ್‌ಪೋರ್ಟಿನಿಂದ ಜಿದ್ದಾ ಏರ್‌ಪೋರ್ಟಿಗೆ ಐದೂವರೆ ತಾಸಿನ ಹಾದಿ. ಐದು ತಾಸು ಆರಾಮ ಕೂಡ್ರಿ. ಕಡೀ ಅರ್ಧ ತಾಸಿನಾಗ ಇಹ್ರಾಮ್ ಉಟ್ಕೊಂಡ್ರ ಆತು."

"ಬಾಯಿ ಮುಚ್ಚು!" ಬಾಷುಮಿಯಾ ಬಾಗಿಲಿನಿಂದಲೇ ಗುಡುಗಿದ. "ಮತ್ತ ಅದೇ ಸುಳ್ಳು ಹೇಳಾಕತ್ತೀಯೇನು?"

"ಬರ್ರಿ ಚಾಚಾ, ಕೂಡ್ರಿ. ಸುಳ್ಳು ಯಾಕ ಹೇಳ್ಲಿ? ಇಲ್ಲೇ ಬರದಾದ ನೋಡ್ರಿ."

"ಅದರಾಗ ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ ಎಷ್ಟು ದೂರ ಅಂತ ಅದ. ಮೀಖಾತ್ ಏನು ಏರ್‌ಪೋರ್ಟೇನೋ?" ಅವನು ಕೂತವರ ಕಡೆ ತಿರುಗಿದ. "ಕೇಳ್ರಿ. ಬಿಳಿ ಬಟ್ಟಿ ಉಟ್ಟು, ಉಮ್ರಾ ಮಾಡ್ತೀನಂತ ನಿಯ್ಯತ್ತು ಮಾಡಿ ದಾಟಬೇಕಾದ ಗಡಿ ಜಿದ್ದಾಕಿಂತ ಮೊದಲೇ ಬರ್ತದ. ವಿಮಾನದಾಗ ಏನೋ ಕೂಗಿದ್ರು, ನಮಗ ತಿಳೀಲಿಲ್ಲ. ಈ ಶಾಣ್ಯಾ ಹೇಳಿದ ಹೊತ್ತಿಗೆ ಬಟ್ಟಿ ತಗೊಂಡು ಎದ್ದೆ. ವಿಮಾನದ ಹುಡುಗಿ ಬೆಲ್ಟ್ ಕಟ್ಟಿ ಕೂಡಿಸಿದ್ಳು, ವಿಮಾನ ಇಳ್ಯಾಕತ್ತದ ಅಂತ. ಗಡಿ ಆಗಲೇ ಹಿಂದ ಹೋಗಿತ್ತು!"

"ಜಿದ್ದಾದಾಗ ಉಟ್ಕೊಂಡ್ರಲ್ಲ ಚಾಚಾ, ನಡೀತದ..."

"ನಡೀತದ ಅಂತ ಅಲ್ಲಿದ್ದ ನಿನ್ನ ಮನಷ್ಯಾನೂ ಅಂದ. ಅಲ್ಲಾಹನ ಗಡಿ ನಿನ್ನ ದುಕಾನಿನ ಕಟ್ಟಿಯೇನೋ, ಬೇಕಾದಾಂವ ಬೇಕಾದಾಗ ಹತ್ತಿ ಇಳ್ಯಾಕ?"

ವಡಗೇರಾದ ಹೆಂಗಸು ಉಮೆಸಲ್ಮಾ ಮೆಲ್ಲಗೆ ಕೇಳಿದಳು: "ಮತ್ತ ನಾವು ಯಾವಾಗ ಮಾಡಬೇಕ್ರಿ ಚಾಚಾ?"

"ಗಂಡಸರು ಹೈದರಾಬಾದಿನಾಗೇ ಬಟ್ಟಿ ಉಟ್ಟು ವಿಮಾನ ಹತ್ತಲಿ. ಗಡಿ ಬರೂದಕಿಂತ ಮೊದಲೇ ಎಲ್ಲಾರೂ ನಿಯ್ಯತ್ತು ಮಾಡ್ರಿ. ಗಡಿಯಾರ ನೋಡಬ್ಯಾಡ್ರಿ." ಆಮೇಲೆ ಜಲಾಲುದ್ದೀನನ ಎದೆಗೆ ಬೆರಳಿಟ್ಟ. "ಈಗಲೇ ಮಕ್ಕಾಕ್ಕ ಫೋನ್ ಹಚ್ಚು. ನಮ್ಮ ತಂಡದಾಗ ಎಷ್ಟು ಮಂದಿ ಹಂಗ ದಾಟೀವೋ ಅಷ್ಟೂ ಕುರಿ ಕೊಯ್ಸು."

"ಆಮ್ಯಾಲೆ ಮಾಡಸ್ತೀನಿ ಚಾಚಾ, ಪಾಠ ಮುಗೀಲಿ."

"ಪಾಠ ಮುಗದದ! ಹಚ್ಚು!"

ಕೂತವರಲ್ಲಿ ಇಬ್ಬರು ಗಂಡಸರು ಎದ್ದು ನಿಂತರು. ಜಲಾಲುದ್ದೀನ ಅವರನ್ನೊಮ್ಮೆ, ಮುದುಕನನ್ನೊಮ್ಮೆ ನೋಡಿ ಫೋನು ಹಚ್ಚಿದ. ಆ ಕಡೆಯವನು ನಾಳೆ ನಸುಕಿನ ಫಜರ್ ನಮಾಜು ಮುಗಿಯುತ್ತಲೇ ಕೊಯ್ಯಿಸುತ್ತೇನೆ ಎಂದದ್ದು ಎಲ್ಲರಿಗೂ ಕೇಳಿಸಿತು.

"ಆತಲ್ಲ ಚಾಚಾ? ಸಿಟ್ಟು ಬಿಡ್ರಿ," ಎಂದು ಜಲಾಲುದ್ದೀನ ಎರಡೂ ಕೈ ಚಾಚಿದ.

ಬಾಷುಮಿಯಾ ಆ ಕೈಗಳನ್ನು ಮುಟ್ಟಲಿಲ್ಲ.

"ನಾಳೆ ಕುರಿ ಕೊಯ್ದ ಸುದ್ದಿ ತಗೊಂಡು ನೀನೇ ಸುರಪುರಕ್ಕ ಬಾ. ಮಸ್ತಾನಬಿ ಗೋರಿ ಮುಂದ ನಿಂತು ಹೇಳು. ಕೈ ಕೊಡೂದು ಅಲ್ಲಿ ನೋಡೋಣು."