ಎರಡು ಕಟ್ಟು

"ಎಂತ ತಪ್ಪು ಅಂತ ಹೇಳದೆ ನಾನು ಮಾಫಿ ಮಾಡುವುದು ಹೇಗೆ, ಸಾವ್ಕಾರ್ರೇ?" ಮಡಿಲಲ್ಲಿದ್ದ ಬೀಡಿಯ ಮೊರವನ್ನು ಇಳಿಸದೆಯೇ ಹೇಮಾಕ್ಷಿ ಕೇಳಿದಳು.

ಜಮಾಲುದ್ದೀನ್ ಅವಳ ಜಗಲಿಯ ಅಂಚಿನಲ್ಲಿ ಕುಳಿತು ಟೊಪ್ಪಿ ಸರಿಮಾಡಿಕೊಂಡ. ಹಜ್ಜಿಗೆ ಹೊರಟವನು ತನ್ನಿಂದ ನೊಂದವರ ಕ್ಷಮೆ ಕೇಳಿಯೇ ಹೊರಡಬೇಕು. ಬೆಳಗಿನಿಂದ ಮಂಗಳೂರಿನ ಕುದ್ರೋಳಿಯ ಹದಿನೇಳು ಮನೆ ಹತ್ತಿ ಇಳಿದಿದ್ದ. ಎಲ್ಲ ಕಡೆ ಶರಬತ್ತು ಕೊಟ್ಟು, ನಮಗೂ ದುವಾ ಮಾಡಿ ಎಂದು ಕಳಿಸಿದ್ದರು. ತಪ್ಪು ಯಾವುದೆಂದು ಯಾರೂ ಕೇಳಿರಲಿಲ್ಲ.

ಹನ್ನೊಂದು ವರ್ಷದಿಂದ ಅವನು ಬೀಡಿಯ ಕಂಟ್ರಾಕ್ಟುದಾರ. ಕಂಪೆನಿಯ ಎಲೆ, ಹೊಗೆಸೊಪ್ಪು ತಂದು ಹೆಂಗಸರಿಗೆ ಕೊಡುತ್ತಿದ್ದ; ಅವರು ಕಟ್ಟಿ ತಂದ ಬೀಡಿಯನ್ನು ನೋಡಿ ಕಂಪೆನಿಗೆ ಮುಟ್ಟಿಸುತ್ತಿದ್ದ. ಸಾವಿರ ಬೀಡಿಯಲ್ಲಿ ಎರಡು ಕಟ್ಟನ್ನು ಸರಿಯಿಲ್ಲವೆಂದು ಬದಿಗೆ ಎಸೆಯುವನು, ಅದಕ್ಕೆ ಕೂಲಿಯಿಲ್ಲ. ಹೆಂಗಸರು ಮೆಟ್ಟಿಲಿಳಿದ ಮೇಲೆ ಆ ಕಟ್ಟುಗಳೂ ಒಳ್ಳೆಯ ಬೀಡಿಯ ಜೊತೆ ಸೇರಿಬಿಡುತ್ತಿದ್ದವು, ಅವುಗಳ ಕೂಲಿ ಅವನ ಕಿಸೆಗೆ. ಎಲ್ಲರೂ ಮಾಡುವುದೇ ತಾನೆ ಎಂದುಕೊಂಡಿದ್ದ. ಆದರೆ ಮೊನ್ನೆ ಮಸೀದಿಯ ಮುಸ್ಲಿಯಾರರು, ದುಡಿದವರ ಹಕ್ಕನ್ನು ಒಂದೋ ಮರಳಿ ಕೊಡಬೇಕು, ಇಲ್ಲವೇ ಅವರೇ ಮನಸಾರೆ ಬಿಟ್ಟುಕೊಡಬೇಕು, ಸತ್ತವರದಾದರೆ ವಾರಸುದಾರರು ಬಿಡಬೇಕು ಎಂದಾಗ ಅವನು ಆ ಕಟ್ಟುಗಳ ಲೆಕ್ಕ ಹಾಕತೊಡಗಿದ್ದ. ಮರಳಿ ಕೊಡಹೊರಟರೆ ಹಡಗಿನ ಟಿಕೆಟಿನ ಹಣವೂ ಸಾಲದು. ಹೋಗದೆ ಉಳಿಯೋಣವೆಂದರೆ ಊರು ಆಗಲೇ ಅವನನ್ನು ಹಾಜಿಯವರೇ ಎಂದು ಕರೆಯತೊಡಗಿತ್ತು. ಹಡಗು ಹತ್ತಲು ಮುಂಬಯಿಗೆ ಹೋಗುವ ಬಸ್ಸು ನಾಳೆ ಮಧ್ಯಾಹ್ನಕ್ಕೆ.

ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಹೇಮಾಕ್ಷಿಯ ಬೆರಳುಗಳು ನಿಲ್ಲಲಿಲ್ಲ. ಎಲೆ ಸುತ್ತಿ ತುದಿ ಮಡಚಿದವು.

"ಅದು ನಮಗೆ ಗೊತ್ತುಂಟು. ನನ್ನದು ನಾನು ಬಿಟ್ಟೆ," ಎಂದಳು. "ಆದ್ರೆ ಕುಶಲಾನ ಹತ್ರ ಹೇಗೆ ಕೇಳ್ತೀರಿ? ಅವಳು ಕೆಮ್ಮಿ ಕೆಮ್ಮಿ ಸತ್ತು ವರ್ಷ ಆಯ್ತಲ್ಲ."

ಒಂಬತ್ತು ವರ್ಷ ಅವನಿಗೆ ಬೀಡಿ ಕಟ್ಟಿದವಳು ಕುಶಲಾ. ಅವಳ ಹೆಸರೇ ಅವನ ನೆನಪಿಗೆ ಬಂದಿರಲಿಲ್ಲ. ಮಗಳು ವಾರಿಜ ಬಜಪೆಯಲ್ಲಿದ್ದಾಳೆಂದು ಹೇಮಾಕ್ಷಿಯೇ ಮನೆಯ ಗುರುತು ಹೇಳಿದಳು.

ಮರುದಿನ ಬೆಳಿಗ್ಗೆ ಅವನ ಮನೆಯ ಚಾವಡಿಯ ತುಂಬ ಹೂಹಾರ ಹಿಡಿದವರು. ಹೆಂಡತಿ ಶರೀಫಾ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ಅವನು ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ಬಜಪೆಯ ಬಸ್ಸು ಹತ್ತಿದ. ಮಧ್ಯಾಹ್ನದೊಳಗೆ ಹಿಂದಿರುಗಿದರಾಯಿತು.

ಅಂಗಳಕ್ಕೆ ಬಂದ ಟೊಪ್ಪಿಯ ಗಂಡಸನ್ನು ಕಂಡು ವಾರಿಜ ಗಡಬಡಿಸಿ ಎದ್ದಳು. ಅವನು ಬಾಯಿ ತೆರೆಯುವ ಮೊದಲೇ ಅವನನ್ನು ಜಗಲಿಯಲ್ಲಿ ಕೂರಿಸಿ ಒಳಗಿನಿಂದ ಮೊರ ತಂದು ಮುಂದಿಟ್ಟಳು. ಬೀಡಿ ನೋಡಲು ಬಂದ ಹೊಸ ಕಂಟ್ರಾಕ್ಟುದಾರನೆಂದು ತಿಳಿದಿರಬೇಕು.

"ಸಾವಿರ ಉಂಟು," ಎಂದವಳು ಎರಡು ಕಟ್ಟನ್ನು ತಾನೇ ಎತ್ತಿ ಬದಿಗಿಟ್ಟಳು. "ಇದು ನಿಮಗೆ. ಮೊದಲೇ ತೆಗೆದಿಟ್ಟರೆ ಬೈಗುಳ ಇಲ್ಲ ಅಂತ ಅಮ್ಮ ಹೇಳಿದ್ದಾಳೆ."

ರಸ್ತೆಯಲ್ಲಿ ಅವನು ಹಿಂದಿರುಗಬೇಕಿದ್ದ ಮಂಗಳೂರಿನ ಬಸ್ಸು ಹಾರ್ನ್ ಹೊಡೆದು ನಿಂತಿತು, ಆಮೇಲೆ ಹೊರಟೂ ಹೋಯಿತು. ಜಮಾಲುದ್ದೀನ್ ಏಳಲಿಲ್ಲ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಅವನು ಯಾವಾಗ ಎಣಿಸಲು ತೊಡಗುತ್ತಾನೆಂದು ಕಾಯುತ್ತ ನಿಂತಿದ್ದಳು.