ಈ ಸಲ ಅದಲ್ಲ
ಬಡಗಿಗೆ ನಲವತ್ತಮೂರು ವಯಸ್ಸು, ಬೈಪೋಲಾರ್ ಕಾಯಿಲೆಗೆ ಹದಿನೈದು. ಮನಸ್ಸು ಏರಿದಾಗ ಒಮ್ಮೆ ಮೂರು ದಿನ ರೆಪ್ಪೆ ಮುಚ್ಚದೆ ಹದಿನೆಂಟು ಕುರ್ಚಿ ಮಾಡಿದ್ದ. ಗಿರಾಕಿ ಕೇಳಿದ್ದು ನಾಲ್ಕೇ. ಇಳಿದಾಗ ಉಳಿ ಹಿಡಿಯಲೂ ಆಗದೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಸರಿಯಾದ ಮಾತ್ರೆ ಸಿಕ್ಕ ಮೇಲೆ ನಾಲ್ಕು ವರ್ಷದಿಂದ ನೆಟ್ಟಗಿದ್ದ. ಸಿಗರೇಟು ಮಾತ್ರ ಬಿಟ್ಟಿರಲಿಲ್ಲ, ಮೈಯೂ ಬಂದಿತ್ತು. "ನಿನಗಿಂತ ಮೊದಲು ನಿನ್ನ ಹೊಟ್ಟೆ ಮನೆಯೊಳಗೆ ಬರುತ್ತೆ" ಎಂದು ಅಕ್ಕ ನಗುತ್ತಿದ್ದಳು.

ಒಂದು ಬೆಳಿಗ್ಗೆ ಹಲಗೆ ಹೊತ್ತು ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಯಿತು. ನಿಂತ, ಹೋಯಿತು. ಮರುದಿನ ಮತ್ತೆ ಬಂತು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಹಲ್ಲು ನೋವೆಂದರೂ "ಮನಸ್ಸಿನ ಮಾತ್ರೆ ತಗೊಂಡ್ಯಾ?" ಎಂದು ಕೇಳುವ ಮನೆ ಅದು.

ಆದರೆ ಅಕ್ಕನ ಕಣ್ಣು ತಪ್ಪಿಸಲಾದೀತೇ?

"ಯಾಕೋ ಹೀಗೆ ಬೆವರ್ತಿದ್ದೀಯಾ? ಮತ್ತೆ ಶುರುವಾಯ್ತಾ?"

"ಈ ಸಲ ಅದಲ್ಲ ಅಕ್ಕ. ಅದು ನನಗೆ ಹಳೇ ಪರಿಚಯ. ಇದು ಹೊಸ ಮುಖ."

ಅವಳು ನಂಬಲಿಲ್ಲ. ಮನೋವೈದ್ಯರ ಬಳಿಗೆ ಎಳೆದೊಯ್ದು, "ಗಾಬರಿ ಜಾಸ್ತಿಯಾಗಿದೆ ಡಾಕ್ಟ್ರೇ, ಡೋಸ್ ಏರಿಸಿ" ಎಂದಳು.

ವೈದ್ಯೆ ಬಡಗಿಯ ಕಡೆ ತಿರುಗಿದರು. "ನೀವು ಹೇಳಿ. ಯಾವಾಗ ಬರುತ್ತೆ?"

"ಮೆಟ್ಟಿಲು ಹತ್ತಿದಾಗ. ಎಡ ತೋಳೂ ಜೋಮು ಹಿಡಿಯುತ್ತೆ."

ವೈದ್ಯೆ ತಕ್ಷಣ ಹೃದಯ ವಿಭಾಗಕ್ಕೆ ಫೋನ್ ಮಾಡಿದರು. ಆಮೇಲೆ ಅಂದರು: "ಈ ಕಾಯಿಲೆ ಇರೋರಿಗೆ ಹೃದಯದ ತೊಂದರೆ ಬೇಗ ಬರೋದುಂಟು. ಮನಸ್ಸನ್ನೇ ನೋಡ್ತಾ ಎದೆಯನ್ನ ಮರೆತುಬಿಡ್ತೀವಿ. ಎರಡು ವರ್ಷದಿಂದ ನಿಮ್ಮ ಕೊಲೆಸ್ಟ್ರಾಲ್ ನೋಡಿಲ್ಲ. ತಪ್ಪು ನನ್ನದೂ ಇದೆ."

ಪರೀಕ್ಷೆ ಮಾಡಿ ನೋಡಿದರೆ ಹೃದಯದ ರಕ್ತನಾಳವೊಂದು ಮುಕ್ಕಾಲು ಪಾಲು ಕಟ್ಟಿಕೊಂಡಿತ್ತು. ಎರಡನೇ ದಿನವೇ ಸ್ಟೆಂಟ್ ಹಾಕಿದರು.

"ಮನಸ್ಸಿನ ಮಾತ್ರೆಯಿಂದ್ಲೇ ದಪ್ಪ ಆದೆ. ಬಿಟ್ಟುಬಿಡ್ಲಾ?" ಎಂದು ಹಾಸಿಗೆಯಲ್ಲೇ ಕೇಳಿದ.

"ನೀವಾಗಿ ಬಿಡಬೇಡಿ," ಎಂದರು ವೈದ್ಯೆ. "ನಾನೂ ಹೃದಯದ ಡಾಕ್ಟ್ರೂ ಕೂತು ಮಾತಾಡಿದ್ದೀವಿ. ನಿಧಾನವಾಗಿ ಬೇರೆ ಮಾತ್ರೆಗೆ ಬದಲಾಯಿಸೋಣ. ಬಿಡೋದಾದ್ರೆ ಸಿಗರೇಟು ಬಿಡಿ."

ಅವರು ಹೋದ ಮೇಲೆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನ ಮಾತು ಕೇಳಬೇಕಿತ್ತು ಕಣೋ."

"ಎಳ್ಕೊಂಡು ಬಂದಿದ್ದು ನೀನೇ ಅಲ್ವಾ? ನನ್ನ ಪಾಡಿಗೆ ಬಿಟ್ಟಿದ್ರೆ ಬಾಯಿ ಮುಚ್ಕೊಂಡೇ ಹೋಗ್ಬಿಡ್ತಿದ್ದೆ."

ಆರು ತಿಂಗಳಲ್ಲಿ ಏಳು ಕಿಲೋ ಇಳಿದ. ಸಿಗರೇಟನ್ನು ಎರಡು ಸಲ ಬಿಟ್ಟು, ಮೂರನೇ ಸಲ ನಿಜವಾಗಿ ಬಿಟ್ಟ. ನಡುವೆ ಒಮ್ಮೆ ಮನಸ್ಸು ಕುಸಿಯತೊಡಗಿದಾಗ ಯಾರೂ ಹೇಳದೆ ತಾನೇ ವೈದ್ಯೆಗೆ ಫೋನ್ ಮಾಡಿದ. ವಾರ ಕಳೆಯುವಷ್ಟರಲ್ಲಿ ಚೇತರಿಸಿಕೊಂಡ. ಈಗ ದಿನಾ ಬೆಳಿಗ್ಗೆ ಇಬ್ಬರೂ ಕೆರೆಯ ಸುತ್ತ ನಡೆಯುತ್ತಾರೆ. ಎರಡನೇ ಸುತ್ತಿಗೇ ಅಕ್ಕ ಏದುಸಿರು ಬಿಡುತ್ತಾಳೆ.

"ನಾಳೆ ನಿನ್ನ ಕೊಲೆಸ್ಟ್ರಾಲ್ ನೋಡಿಸೋಣ," ಎನ್ನುತ್ತಾನೆ ತಮ್ಮ, ಅವಳ ಚೀಲ ತಾನೇ ಹಿಡಿದುಕೊಂಡು.