ಬೋರಲು ಹಾಕಿದ ಲೋಟ

ಮೇಜು ಒದ್ದೆ ಇದೆ, ಈಗಷ್ಟೇ ಒರೆಸಿ ಹೋಗಿದ್ದಾರೆ, ಬಟ್ಟೆ ಎಳೆದ ಗೆರೆಗಳು ಕಿಟಕಿಯ ಬಿಸಿಲಿಗೆ ಒಂದೊಂದಾಗಿ ಆರುತ್ತಿವೆ, ಆರುವುದನ್ನು ನೋಡುತ್ತ ಕೂತರೆ ಹೊತ್ತು ಹೋಗುತ್ತದೆ, ಹೋಗಲಿ — ಆದರೆ ಏನೋ ಕಡಿಮೆ ಇದೆ ಈ ಮೇಜಿನ ಮೇಲೆ, ಉಪ್ಪಿನ ಡಬ್ಬಿ ಇದೆ, ನೀರಿನ ಜಗ್ಗು ಇದೆ, ಲೋಟಗಳ ಟ್ರೇ ಇದೆ, ಲೋಟಗಳೆಲ್ಲ ಬಾಯಿ ಮೇಲೆ ಮಾಡಿಕೊಂಡು ಕೂತಿವೆ, ಹಾಂ, ಅದೇ, ಒಂದೂ ಬೋರಲು ಬಿದ್ದಿಲ್ಲ. ನಾನು ಬರುವ ಹೊತ್ತಿಗೆ ನನ್ನ ಲೋಟ ಬೋರಲಾಗಿ ಕಾಯುತ್ತಿರಬೇಕಿತ್ತು, ಯಾವತ್ತೂ ಕಾಯುತ್ತದೆ, ಈ ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಬೋರಲು ಹಾಕಿದ ಲೋಟ ಎಂದರೆ ಇಲ್ಲೊಬ್ಬರು ಬರುವವರಿದ್ದಾರೆ, ಕೂರಬೇಡಿ ಎಂದು ಅರ್ಥ, ಯಾರು ಶುರು ಮಾಡಿದರೋ, ಯಾವ ಕಾಲದಿಂದ ನಡೆದು ಬಂದಿದೆಯೋ, ಗೋಡೆಗೆ ಅಂಟಿಸಿದ ನಿಯಮಗಳನ್ನು ಕ್ಯಾರೇ ಅನ್ನದ ಸೀನಿಯರ್‌ಗಳು ಕೂಡ ಬೋರಲು ಲೋಟ ಕಂಡರೆ ತಟ್ಟೆ ಹಿಡಿದುಕೊಂಡು ಸುಮ್ಮನೆ ಮುಂದಿನ ಮೇಜಿಗೆ ಹೋಗುತ್ತಾರೆ. ನಮ್ಮ ಮೇಜಿನಲ್ಲಿ ಆ ಕೆಲಸ ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ನಿಜವಾದ ದೊಡ್ಡಮ್ಮ ಅಲ್ಲ, ನನ್ನದೇ ಕ್ಲಾಸಿನ ಹುಡುಗಿ, ನನಗಿಂತ ಗಿಡ್ಡ, ಮೊದಲ ವಾರದಲ್ಲೇ ಒಬ್ಬೊಬ್ಬರ ತಟ್ಟೆಗೂ ಇಣುಕಿ ಇಷ್ಟೇನಾ ತಿನ್ನೋದು, ಇದು ಎಲ್ಲಿಗೆ ಸಾಕಾಗತ್ತೆ, ಅಂದಳು, ವಕೀಲ ಅಲ್ಲೇ ಆ ಹೆಸರಿಟ್ಟ, ವಕೀಲನಿಗೆ ಆ ಹೆಸರಿಟ್ಟವಳು ಜಿರಾಫೆ, ಮಾತುಮಾತಿಗೂ ವಾದಕ್ಕೆ ನಿಲ್ಲುತ್ತಾನೆ ಅಂತ, ಜಿರಾಫೆಗೆ ಮಾತ್ರ ಯಾರೂ ಹೆಸರಿಡಬೇಕಾಗಲಿಲ್ಲ, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದಾಗಲೇ ಹೆಸರು ಜೊತೆಯಲ್ಲಿ ಬಂದಿತ್ತು. ನಾನು ಕನ್ನಡಕ. ನಾನು ಕನ್ನಡಕ ಹಾಕುವುದಿಲ್ಲ, ಅಪ್ಪನದು ಕನ್ನಡಕದ ಅಂಗಡಿ, ಅಷ್ಟಕ್ಕೇ. ದೊಡ್ಡಮ್ಮ ದಿನಾ ಎಲ್ಲರಿಗಿಂತ ಮುಂಚೆ ಬಂದು ನಮ್ಮೆಲ್ಲರ ಲೋಟ ಬೋರಲು ಹಾಕಿ ಕೂತಿರುತ್ತಾಳೆ, ಇವತ್ತು ಬಂದಿಲ್ಲ, ನಾನೇ ಮೊದಲು ಬಂದಿದ್ದೇನೆ, ಬೆಳಗಿನ ಕ್ಲಾಸಿಗೆ ಚಕ್ಕರ್ ಹೊಡೆದವಳು ಇನ್ನೆಲ್ಲಿಗೆ ಹೋಗಬೇಕು.

ಗಣಿತದ ಮೇಡಂ ಊಟ ಆದ ಮೇಲೆ ಬಾ ಅಂದಿದ್ದಾರೆ. ನಿನ್ನೆ ಮಧ್ಯಾಹ್ನ ಅವರ ಕೋಣೆಯಲ್ಲಿ ನಿಂತಿದ್ದೆ, ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು, ದನಿ ಎತ್ತಲಿಲ್ಲ, ಬೈದಿದ್ದರೆ ವಾಸಿಯಿತ್ತು — ನೋಡಮ್ಮ, ಇದು ಎರಡನೇ ಸಲ ಫೇಲಾಗ್ತಿರೋದು, ಒಂದೋ ಇಲ್ಲೇ ಇದ್ದು ಮತ್ತೆ ಬರಿ, ಬರೆಯೋದಾದ್ರೆ ನಾನು ಕೂತು ಹೇಳಿಕೊಡ್ತೀನಿ, ಇಲ್ಲಾ ಈಗಲೇ ಬಿಟ್ಟು ಬೇರೆ ಕಡೆ ಸೇರ್ಕೋ, ಅದರಲ್ಲಿ ಅವಮಾನ ಏನೂ ಇಲ್ಲ, ನಾಳೆ ಊಟ ಆದ ಮೇಲೆ ಬಂದು ಹೇಳು, ಅಷ್ಟರಲ್ಲಿ ಯಾರ ಹತ್ರನಾದ್ರೂ ಮಾತಾಡು. ಯಾರ ಹತ್ತಿರ. ಅಪ್ಪ ಕಣ್ಣು ಪರೀಕ್ಷೆಗೆ ಬಂದವರಿಗೆಲ್ಲ ನಮ್ಮ ಹುಡುಗಿ ಅಲ್ಲಿ ಓದ್ತಿದಾಳೆ ಅಂತ ಹೇಳಿಕೊಂಡಿದ್ದಾರೆ, ಗಲ್ಲ ಕಣ್ಣು ನೋಡುವ ಮಿಷನ್ನಿಗೆ ಒತ್ತಿ ಕೂತವರು ಕೇಳದೆ ಎಲ್ಲಿಗೆ ಓಡಬೇಕು, ಅಮ್ಮ ಫೋನಿನಲ್ಲಿ ಊಟ ಆಯ್ತಾ ಅಂತಾಳೆ, ಆಯ್ತು ಅಂದರೆ ಏನು ತಿಂದೆ ಅಂತಾಳೆ, ಹೇಳಿದರೆ ಸುಮ್ಮನಾಗುತ್ತಾಳೆ, ಆ ಸುಮ್ಮನಿರುವುದರೊಳಗೆ ಹೇಳಿಬಿಡಬಹುದಿತ್ತು, ನಾಲಿಗೆ ತುದಿಯವರೆಗೆ ಬಂದದ್ದನ್ನು ಎಷ್ಟು ಸಲ ನುಂಗಿದೆನೋ. ಮನೆಯವರಿಗೆ ಹೇಳುವ ಮೊದಲು ಇಲ್ಲಿ ಯಾರಾದರೂ ಒಬ್ಬರಿಗೆ ಹೇಳಬೇಕು, ಹೇಳಿದ ಮೇಲೂ ನಾನು ನಾನಾಗಿಯೇ ಇರುತ್ತೇನಾ ನೋಡಬೇಕು, ನನಗೆ ಬೇಕಾದದ್ದು ಇಷ್ಟೇ. ಆದರೆ ಈ ಮೇಜಿನಲ್ಲಿ ಅದನ್ನು ಹೇಳುವುದು ಹೇಗೆ, ಇಲ್ಲಿ ಪರೀಕ್ಷೆ ಮುಗಿದ ದಿನ ಎಲ್ಲರ ಪೇಪರೂ ಹೋಗಿರುತ್ತದೆ, ಇಲ್ಲಿಗೆ ಬಂದವರೆಲ್ಲ ಅವರವರ ಶಾಲೆಗೆ ಮೊದಲಿಗರು, ಸಾವಿರಾರು ಜನರನ್ನು ಜರಡಿ ಹಿಡಿದು ಆರಿಸಿ ತಂದವರು, ಹಾಗಿರುವಾಗ ಚೆನ್ನಾಗಿ ಬರೆದೆ ಅಂದರೆ ಜಂಬ, ಕೂತು ಓದಿದೆ ಅಂದರೆ ಅದಕ್ಕಿಂತ ನಾಚಿಕೆಗೇಡು, ಆದ್ದರಿಂದ ನಂದು ಹೋಯ್ತು ಅನ್ನಬೇಕು, ಎದುರಿಗಿರುವವರು ನಂದಂತೂ ಪೂರ್ತಿ ಹೋಯ್ತು ಅನ್ನಬೇಕು, ಅಲ್ಲಿಗೆ ಮರ್ಯಾದೆಯ ಮಾತು ಮುಗಿಯಿತು. ಆದರೆ ಮಾರ್ಕು ಎಷ್ಟು ಬಂತು ಎಂದು ಮಾತ್ರ ಯಾರೂ ಯಾರನ್ನೂ ಕೇಳಬಾರದು. ಮೊದಲ ತಿಂಗಳು ಪಾಪ ಯಾರೋ ಒಬ್ಬ ಗೊತ್ತಿಲ್ಲದೆ ಕೇಳಿಬಿಟ್ಟ, ಎಷ್ಟು ಬಂತ್ರೋ ನಿಮಗೆಲ್ಲ ಅಂತ, ಎಲ್ಲರಿಗೂ ಒಟ್ಟಿಗೇ ಬಾಯಾರಿಕೆಯಾಗಿ ಲೋಟ ಎತ್ತಿ ನೀರು ಕುಡಿಯತೊಡಗಿದರು, ನಾನೂ ಕುಡಿದೆ. ಅಪ್ಪನ ಅಂಗಡಿಯಲ್ಲಿ ಇದು ತಿರುಗುಮುರುಗು, ಕನ್ನಡಕ ಬೇಡ ಅನ್ನುವ ಹಟಕ್ಕೆ ಕೆಲವರು ಗೋಡೆಯ ಅಕ್ಷರಗಳನ್ನು ಮೊದಲೇ ಉರು ಹೊಡೆದುಕೊಂಡು ಬಂದು ಗಡಗಡ ಹೇಳುತ್ತಾರೆ, ಕಾಣದಿದ್ದರೂ ಕಾಣುತ್ತದೆ ಅನ್ನುವವರು ಅಲ್ಲಿ, ಇಲ್ಲಿ ನಾವು ಎಲ್ಲ ಕಂಡರೂ ಅಯ್ಯೋ ಏನೂ ಕಾಣಲ್ಲ ಅನ್ನುತ್ತೇವೆ, ನಿಜವಾಗಿ ಕಾಣದವಳು ಏನನ್ನಬೇಕು.

ನಿನ್ನೆ ಸಂಜೆ ಊಟಕ್ಕೆ ಕೂತಾಗ ಹೇಳಿಯೇಬಿಟ್ಟೆ. ಗಣಿತ ಹೋಯ್ತು, ನಿಜವಾಗ್ಲೂ, ಫೇಲು, ಅಂದೆ. ವಕೀಲ ಎದೆ ಮೇಲೆ ಕೈಯಿಟ್ಟು ಎದ್ದು ನಿಂತ, ಬಾ ತಾಯಿ, ಸಂಘಕ್ಕೆ ಸ್ವಾಗತ, ನಾನು ಅಧ್ಯಕ್ಷ, ಅಂದ. ನಿಂದು ಫೇಲಾದ್ರೆ ನಂದನ್ನ ಏನಂತ ಕರೀಬೇಕೇ ಅಂದಳು ಜಿರಾಫೆ. ತಮಾಷೆ ಅಲ್ಲ ಕಣ್ರೋ, ನಿಜ, ಅಂದೆ, ಆದರೆ ತಮಾಷೆ ಅಲ್ಲ ಕಣ್ರೋ ಅನ್ನುವುದೂ ಆ ತಮಾಷೆಯೊಳಗೇ ಇದೆ, ಎಷ್ಟು ಸಲ ಅಂದಿಲ್ಲ ನಾನೇ, ಪಕ್ಕದ ಮೇಜಿನವರೂ ತಿರುಗಿ ನೋಡುವಷ್ಟು ನಕ್ಕರು, ನಾನೂ ನಕ್ಕೆ, ನಗದೆ ಇನ್ನೇನು ಮಾಡುವುದು. ಅವರ ಮೇಲೆ ಸಿಟ್ಟಿಲ್ಲ, ಒಳ್ಳೆಯವರು, ಜ್ವರ ಬಂದಾಗ ಸರದಿ ಮೇಲೆ ನನ್ನ ಕೋಣೆಗೆ ಬಂದು ಕೂತವರು, ಬೇಜಾರು ಮಾತ್ರ ಆಯಿತು, ತುಂಬ ಬೇಜಾರು, ನೀರಿಗೆ ಬಿದ್ದೆ ಅಂತ ಕೂಗಿದರೆ ದಡದಲ್ಲಿರುವವರು ಕೈಬೀಸಿ ನಕ್ಕ ಹಾಗೆ.

ಬಂದರು, ವಕೀಲನ ಚಪ್ಪಲಿಯ ಸದ್ದು, ಅವನ ಹಿಂದೆ ಜಿರಾಫೆ. ಏನೇ ಕನ್ನಡಕ, ಕ್ಲಾಸಿಗೆ ಬರದೆ ಇಲ್ಲಿ ಧ್ಯಾನ ಮಾಡ್ತಿದೀಯಾ, ಅಂದ ವಕೀಲ, ತಲೆನೋವು ಅಂದೆ, ಅವನು ಮೇಜನ್ನು ನೋಡಿದ, ಲೋಟ ಎಲ್ಲಿ, ನಮ್ಮ ಜಾಗ ಯಾವುದು ಅಂತ ಗೊತ್ತಾಗೋದು ಹೇಗೆ, ಅಂದ, ಮೇಜು ಪೂರ್ತಿ ಖಾಲಿ ಇದ್ದರೂ ತಟ್ಟೆ ಹಿಡಿದು ನಿಂತೇ ಇದ್ದ, ಕೊನೆಗೆ ಜಿರಾಫೆ ಎಲ್ಲಾದ್ರೂ ಕೂರೋ ಮಾರಾಯ ಅಂದ ಮೇಲೆ ಕೂತ. ಬಟಾಣಿ ಇವತ್ತೂ ಬೆಂದಿಲ್ಲ, ಚಮಚದಿಂದ ತಪ್ಪಿಸಿಕೊಂಡು ಓಡುತ್ತಿದೆ, ಸೂಪು ಬಿಸಿ ಇದೆ, ಅದೊಂದು ಪುಣ್ಯ. ದೊಡ್ಡಮ್ಮ ಎಲ್ಲಿ, ಬೆಳಗ್ಗೆ ಕ್ಲಾಸಿನಲ್ಲೂ ಇರಲಿಲ್ಲ, ಅಂದಳು ಜಿರಾಫೆ. ಲೈಬ್ರರಿಯಲ್ಲಿ ಬೇರು ಬಿಟ್ಟಿರ್ತಾಳೆ, ನಮಗೆಲ್ಲ ತಿನ್ನಿ ತಿನ್ನಿ ಅಂತ ನಿದ್ದೆ ಬರಿಸಿ ತಾನು ಓದೋದು, ದೊಡ್ಡ ಪ್ಲಾನು ಅದು, ಅಂದ ವಕೀಲ. ನಿನ್ನೆ ನನ್ನ ಹತ್ರ ಅಳ್ತಿದ್ಲು, ಗಣಿತ ಹೋಯ್ತು ಅಂತ, ಅಂದಳು ಜಿರಾಫೆ, ಅಳ್ತಿದ್ಲು ಅಂದರೆ ಅತ್ತಳು ಎಂದಲ್ಲ, ನಾವೆಲ್ಲ ಹಾಗೇ ಹೇಳುವುದು. ಅವಳದು ಯಾವತ್ತು ಹೋಗಿಲ್ಲ ಹೇಳು, ಅಂದ ವಕೀಲ, ಇಬ್ಬರೂ ನಕ್ಕರು, ನನ್ನ ಬಾಯಿಯೂ ನಗುವುದಕ್ಕೆ ತೆರೆಯಿತು — ತೆರೆದದ್ದು ಹಾಗೇ ನಿಂತಿತು. ನಿನ್ನೆ ಎಲ್ಲರೂ ನಕ್ಕಾಗ ಅವಳು ನಗಲಿಲ್ಲ. ಬಟಾಣಿಯನ್ನು ತಟ್ಟೆಯ ಅಂಚಿಗೆ ಒಂದೊಂದೇ ಸರಿಸುತ್ತಿದ್ದಳು, ನನ್ನನ್ನೊಮ್ಮೆ ನೋಡಿದಳು, ನಾನು ಕೈ ತೊಳೆಯಲು ಎದ್ದಾಗ ತಟ್ಟೆಯಲ್ಲಿ ಅಷ್ಟು ಉಳಿದಿರುವಾಗಲೇ ಹಿಂದೆಯೇ ಎದ್ದು ಬಂದಳು, ಒಂದು ಕಾಳು ಬಿಟ್ಟರೂ ನಮ್ಮನ್ನು ಹಿಡಿದು ಕೂರಿಸುವವಳು. ನಲ್ಲಿ ಬಿಟ್ಟುಕೊಂಡು ಕೈ ತೊಳೆಯುತ್ತಲೇ ಇದ್ದಳು, ತೊಳೆದ ಕೈಯನ್ನೇ ತೊಳೆಯುತ್ತಿದ್ದಳು, ಕನ್ನಡಿಯಲ್ಲಿ ನನ್ನನ್ನು ನೋಡದೆ ನಲ್ಲಿಗೆ ಹೇಳುವ ಹಾಗೆ, ನಂದು ಹೋಯ್ತು ಕಣೇ, ಅಂದಳು, ನಾನು ಆಗಷ್ಟೇ ಅದೇ ಮಾತು ಹೇಳಿ ನಗೆಪಾಟಲಾಗಿ ಬಂದವಳು, ಟವೆಲಿಗೆ ಕೈ ಒರೆಸುತ್ತ ಏನಂದೆ, ಹೌದೌದು, ನಿಂದು ಯಾವತ್ತು ಹೋಗಿಲ್ಲ ದೊಡ್ಡಮ್ಮ, ಅಂದೆ, ನಕ್ಕೆ. ಅಲ್ವಾ, ಅಂದಳು. ನಲ್ಲಿ ನಿಲ್ಲಿಸಿದಳು. ಚಮಚ ಕೆಳಗಿಟ್ಟೆ ಈಗ, ನನ್ನ ಮಾತನ್ನು ನಂಬಿದವಳು ಅವಳೊಬ್ಬಳೇ, ನಂಬಿದ್ದರಿಂದಲೇ ಹಿಂದೆ ಎದ್ದು ಬಂದಳು, ನಾನು ಅವಳಿಗೆ ವಕೀಲ ಈಗ ಆಡಿದ ಮಾತನ್ನೇ ಹೇಳಿ ಕಳಿಸಿದೆ.

ಟ್ರೇಯಿಂದ ಒಂದು ಲೋಟ ತೆಗೆದು ನನ್ನ ಪಕ್ಕದ ಜಾಗದಲ್ಲಿ ಬೋರಲು ಹಾಕುತ್ತೇನೆ. ಯಾರಿಗದು, ಅಂದ ವಕೀಲ. ದೊಡ್ಡಮ್ಮಂಗೆ, ಅಂದೆ. ಅವಳಿಗೆ ಯಾರೂ ಲೋಟ ಹಾಕಿದ್ದನ್ನೇ ನೋಡಿಲ್ಲ ನಾನು, ಅಂದಳು ಜಿರಾಫೆ, ನಿಜ, ಯಾವತ್ತೂ ಮೊದಲೇ ಬಂದು ಕೂತಿರುವವಳಿಗೆ ಯಾರು ಹಾಕುತ್ತಾರೆ. ಫೋನ್ ಮಾಡಿದೆ, ಎತ್ತಲಿಲ್ಲ, ಊಟ ಇಲ್ಲೇ ಇದೆ, ಕಾಯ್ತಿದೀನಿ, ಅಂತ ಮೆಸೇಜು ಹಾಕಿದೆ, ಇನ್ನೇನು ಬರೆಯಬೇಕೋ ತಿಳಿಯಲಿಲ್ಲ. ವಕೀಲ ಮತ್ತು ಜಿರಾಫೆ ಪ್ರಾಕ್ಟಿಕಲ್ ಇದೆ ಅಂತ ಎದ್ದು ಹೋದರು, ಊಟದ ಹಾಲ್ ಖಾಲಿಯಾಗುತ್ತ ಬಂತು, ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಡುತ್ತಿದ್ದಾರೆ, ಮೇಜು ಒರೆಸುವ ಅಕ್ಕ ಬಂದರು, ಯಾರಾದ್ರೂ ಬರ್ತಾರೇನಮ್ಮ, ಬರ್ತಾರೆ ಅಕ್ಕ, ಅಡುಗೆಮನೆ ಬಾಗಿಲು ಹಾಕ್ತಾರೆ, ಅವಳ ತಟ್ಟೆ ತಂದಿಟ್ಟಿದೀನಿ ಅಕ್ಕ, ಹೂಂ ಅಂದು ಅವರು ಬೋರಲು ಲೋಟವನ್ನು ಮುಟ್ಟದೆ ಅದರ ಸುತ್ತ ಒರೆಸಿ ಹೋದರು. ಮೇಡಂ ಈಗ ಊಟ ಮುಗಿಸಿ ಕೋಣೆಯಲ್ಲಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿರುತ್ತಾರೆ. ಹೋಗಬೇಕು, ಏನು ಹೇಳುವುದು ಅಂತ ಇನ್ನೂ ಗೊತ್ತಿಲ್ಲ, ನಾನು ಎದ್ದರೆ ಈ ಲೋಟಕ್ಕೆ ಕಾವಲು ಯಾರು, ಸೂಪು ತಣ್ಣಗಾಯಿತು, ಬಿಸಿಲು ಮೇಜು ದಾಟಿ ಕುರ್ಚಿಯ ಕಾಲಿಗೆ ಇಳಿದಿದೆ, ಬಾರದಿದ್ದರೆ, ಬಾರದೆ ಊರಿಗೆ ಹೊರಟುಬಿಟ್ಟಿದ್ದರೆ — ಬಂದಳು. ಬಾಗಿಲಲ್ಲಿ ನಿಂತಿದ್ದಾಳೆ, ತಲೆ ಬಾಚಿಲ್ಲ, ಬ್ಯಾಗಿನ ಎರಡೂ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಾಳೆ, ಹತ್ತಿರ ಬಂದು ಮೊದಲು ನನ್ನ ತಟ್ಟೆಗೆ ಇಣುಕುತ್ತಾಳೆ, ಅಭ್ಯಾಸ, ಬಟಾಣಿ ಬಿಟ್ಟಿದೀಯಲ್ಲೇ, ಅನ್ನುತ್ತಾಳೆ, ಆಮೇಲೆ ಲೋಟ ಕಾಣುತ್ತದೆ ಅವಳಿಗೆ. ಇದು ಯಾರಿಗೆ. ನಿಂಗೆ ಕಣೇ, ಕೂತ್ಕೋ. ಕೂತಳು, ಲೋಟ ಮುಟ್ಟಲಿಲ್ಲ, ಅದನ್ನೇ ನೋಡುತ್ತ ಕೂತಳು, ಏನು ಹೇಳಲಿ, ಕ್ಷಮಿಸು ಅಂದರೆ ಯಾಕೆ ಅನ್ನುತ್ತಾಳೆ, ನಂಬ್ತೀನಿ ಅಂದರೆ ನಾಟಕದ ಮಾತಾಗುತ್ತದೆ, ನಂಬಿದವರು ಕೇಳಬಹುದಾದ ಮಾತು ಇಲ್ಲಿ ಒಂದೇ ಒಂದಿದೆ, ಯಾರೂ ಕೇಳಬಾರದ್ದು.

ಎಷ್ಟು ಬಂತು, ಅಂದೆ. ತಲೆ ಎತ್ತಿ ನೋಡಿದಳು, ಬಾಯಾರಿಕೆಯ ನೆಪ ಹೇಳಲಿಲ್ಲ, ಲೋಟಕ್ಕೆ ಕೈ ಹಾಕಲಿಲ್ಲ, ಹನ್ನೆರಡು, ಅಂದಳು. ನಂದು ಹದಿನಾಲ್ಕು, ಅಂದೆ. ಓಹೋ ನೀನೇ ಟಾಪರ್ರು ಹಾಗಾದ್ರೆ, ಅಂದಳು, ಮೂಗು ಕೆಂಪಾಗಿದೆ, ಕಣ್ಣು ತುಂಬಿದೆ, ಆದರೂ ನಗುತ್ತಿದ್ದಾಳೆ, ನಾನೂ ನಗುತ್ತಿದ್ದೇನೆ, ನಿನ್ನೆಯ ನಗು ಅಲ್ಲ ಇದು, ಹೇಳಿದ್ದಾಯಿತು, ಹೇಳಿದರೂ ಏನೂ ಆಗಲಿಲ್ಲ, ಮೇಜು ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ. ಊಟ ಆದ ಮೇಲೆ ಬಾ ಅಂದಿದಾರೆ ಮೇಡಂ, ಅಂದಳು. ನನಗೂ, ಅಂದೆ. ನೀನು ಏನು ಹೇಳ್ತೀಯಾ, ಅಂದಳು. ನೀನೇನು ಹೇಳ್ತೀಯಾ, ಅಂದೆ. ಅವಳು ತಣ್ಣಗಿನ ಸೂಪನ್ನು ಕೊನೆಯ ಚಮಚದವರೆಗೆ ಕುಡಿದಳು, ಲೋಟ ಎತ್ತಿದಳು, ಒರೆಸಿದ ಮೇಜಿನ ಮೇಲೆ ಅದರ ಅಡಿಯಲ್ಲಿ ಬಟ್ಟೆ ತಾಗದ ಒಂದು ಒಣ ದುಂಡು ಉಳಿದಿತ್ತು, ನೀರು ಬಗ್ಗಿಸಿಕೊಂಡು ನಿಧಾನ ಕುಡಿದಳು, ಪೂರ್ತಿ ಕುಡಿದಳು, ಎದ್ದು ಬ್ಯಾಗು ಹೆಗಲಿಗೆ ಹಾಕಿದಳು, ಸಂಜೆಯ ಊಟಕ್ಕೆ ಇನ್ನೂ ಎಷ್ಟೋ ಹೊತ್ತಿದೆ, ಅಷ್ಟರೊಳಗೆ ಎಲ್ಲವನ್ನೂ ಎತ್ತಿಕೊಂಡು ಹೋಗಿ ತೊಳೆಯುತ್ತಾರೆ, ಗೊತ್ತು ಅವಳಿಗೂ, ಗೊತ್ತಿದ್ದೂ ಖಾಲಿ ಲೋಟವನ್ನು ಆ ಒಣ ದುಂಡಿನ ಮೇಲೆ ಸರಿಯಾಗಿ ಕೂರುವ ಹಾಗೆ ಮೆಲ್ಲಗೆ ಬೋರಲು ಹಾಕಿದಳು, ಇಲ್ಲೊಬ್ಬರು ಬರುವವರಿದ್ದಾರೆ, ಹಾಕಿ ನನ್ನ ಕೈಯಲ್ಲಿರುವ ಲೋಟವನ್ನು ನೋಡುತ್ತಿದ್ದಾಳೆ, ಅದರ ತಳದಲ್ಲಿ ಒಂದು ಗುಟುಕು ನೀರಿದೆ, ಕುಡಿಯುತ್ತೇನೆ, ಅವಳು ನೋಡುತ್ತಿದ್ದಾಳೆ, ಬೋರಲು ಹಾಕಿದ ಲೋಟ, ಅದರ ಪಕ್ಕದಲ್ಲಿ ಬೋರಲು ಹಾಕಿದ ಲೋಟ